ಹುಟ್ಟುವ ಮೊದಲೇ ಆಮ್ಲಜನಕದ ಕೊರತೆಯಾದರೆ ಮಗುವಿನ ಹೃದಯಕ್ಕೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ಯಾನಿಂಗ್ ವರದಿಯಲ್ಲಿ ‘ಮಗುವಿನ ಬೆಳವಣಿಗೆ ಕುಂಠಿತ’, ‘ರಕ್ತದ ಹರಿವು ಕಡಿಮೆ’ ಎಂಬ ಸಾಲುಗಳನ್ನು ಓದಿ ಗಾಬರಿಯಾದವರಿಗಾಗಿ ಈ ಪುಟ. ಇಲ್ಲಿರುವುದು ತಿಳಿವಳಿಕೆಗಾಗಿ ಮಾತ್ರ. ನಿಮ್ಮ ವರದಿಯನ್ನು ನೋಡಿ ತೀರ್ಮಾನ ಹೇಳಬೇಕಾದವರು ನಿಮ್ಮ ವೈದ್ಯರೇ.

ಗರ್ಭದಲ್ಲಿ ಮಗು ಉಸಿರಾಡುವುದೇ ಇಲ್ಲವಲ್ಲ, ಆಮ್ಲಜನಕದ ಕೊರತೆ ಹೇಗೆ ಬರುತ್ತದೆ?

ಮಗುವಿನ ಶ್ವಾಸಕೋಶದಲ್ಲಿ ಆಗ ಇರುವುದು ಗಾಳಿಯಲ್ಲ, ದ್ರವ. ಶ್ವಾಸಕೋಶದ ಕೆಲಸವನ್ನು ಮಾಸು (ಪ್ಲಾಸೆಂಟಾ) ಮಾಡುತ್ತದೆ. ಗರ್ಭಕೋಶದ ರಕ್ತನಾಳಗಳು ತಾಯಿಯ ರಕ್ತವನ್ನು ಮಾಸಿನವರೆಗೆ ತರುತ್ತವೆ. ಅಲ್ಲಿ ತೆಳುವಾದ ಪೊರೆಯೊಂದನ್ನು ದಾಟಿ ಆಮ್ಲಜನಕ ಮಗುವಿನ ರಕ್ತಕ್ಕೆ ಸೇರುತ್ತದೆ, ಹೊಕ್ಕುಳಬಳ್ಳಿಯ ಅಭಿಧಮನಿಯ ಮೂಲಕ ಒಳಗೆ ಹೋಗುತ್ತದೆ. ತಾಯಿಯ ರಕ್ತದಲ್ಲೇ ಆಮ್ಲಜನಕ ಕಡಿಮೆಯಿದ್ದರೂ, ಆ ರಕ್ತ ಮಾಸಿಗೆ ಸಾಕಷ್ಟು ತಲುಪದಿದ್ದರೂ, ಮಾಸೇ ಸರಿಯಾಗಿ ಬೆಳೆಯದಿದ್ದರೂ ತೊಂದರೆ ಅನುಭವಿಸುವುದು ಮಗು. ಈ ಮೂರರಲ್ಲಿ ಹೆಚ್ಚಾಗಿ ಕಾಣುವುದು ಮಾಸಿನ ದೋಷ.

ಗರ್ಭದಲ್ಲಿ ಆಮ್ಲಜನಕ ಹೇಗಿದ್ದರೂ ಕಡಿಮೆಯೇ ಇರುತ್ತದಂತೆ, ನಿಜವೇ?

ನಿಜ. ಆರೋಗ್ಯವಂತ ವಯಸ್ಕರ ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ ಸುಮಾರು 80ರಿಂದ 100 ಮಿ.ಮೀ. ಪಾದರಸದಷ್ಟಿರುತ್ತದೆ. ಗರ್ಭಸ್ಥ ಶಿಶುವಿನಲ್ಲಿ ಅದು 20ರಿಂದ 30ರ ಆಸುಪಾಸು. ಬ್ರಿಟಿಷ್ ಶರೀರವಿಜ್ಞಾನಿ ಜೋಸೆಫ್ ಬಾರ್‌ಕ್ರಾಫ್ಟ್ ಭ್ರೂಣದ ಈ ಸ್ಥಿತಿಯನ್ನು ಎವರೆಸ್ಟ್ ಶಿಖರದ ಮೇಲಿನ ಬದುಕಿಗೆ ಹೋಲಿಸಿದ್ದರು.

ಆದರೂ ಮಗು ಸೊಂಪಾಗಿ ಬೆಳೆಯುತ್ತದೆ. ಅದರ ರಕ್ತದಲ್ಲಿರುವ ಭ್ರೂಣ ಹಿಮೋಗ್ಲೋಬಿನ್ ದೊಡ್ಡವರ ಹಿಮೋಗ್ಲೋಬಿನ್‌ಗಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುವುದರಿಂದ ಒತ್ತಡ ಕಡಿಮೆಯಿದ್ದರೂ ಸಾಕಷ್ಟು ಆಮ್ಲಜನಕ ಸಿಗುತ್ತದೆ. ಅಷ್ಟೇ ಅಲ್ಲ, ಗರ್ಭದ ಆರಂಭದ ವಾರಗಳಲ್ಲಿ ಈ ಕಡಿಮೆ ಆಮ್ಲಜನಕವೇ ಹೃದಯ ಮತ್ತು ರಕ್ತನಾಳಗಳು ರೂಪುಗೊಳ್ಳಲು ಒಂದು ಸೂಚನೆ. ಆಮ್ಲಜನಕ ಇಳಿದಾಗ ಜೀವಕೋಶದೊಳಗೆ ಎಚ್‌ಐಎಫ್ ಎಂಬ ಪ್ರೋಟೀನು ಉಳಿದುಕೊಂಡು, ರಕ್ತನಾಳ ಬೆಳೆಸುವ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಜೀವಕೋಶಗಳು ಆಮ್ಲಜನಕದ ಏರಿಳಿತವನ್ನು ಗುರುತಿಸುವ ಈ ಬಗೆಯನ್ನು ಬಿಡಿಸಿ ತೋರಿಸಿದ ಕೇಲಿನ್, ರಾಟ್‌ಕ್ಲಿಫ್ ಮತ್ತು ಸೆಮೆಂಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಬಂತು.

ಹಾಗಾಗಿ ಈ ಪುಟದಲ್ಲಿ ‘ಕೊರತೆ’ ಎಂದಾಗಲೆಲ್ಲ ಮಗುವಿಗೆ ಸಹಜವಾದ ಆ ಮಟ್ಟಕ್ಕಿಂತಲೂ ಕೆಳಗೆ ಎಂದು ತಿಳಿಯಬೇಕು.

ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ಉಸಿರುಗಟ್ಟುವುದೂ ಇದೂ ಒಂದೆಯೇ?

ಅಲ್ಲ. ಅದು ನಿಮಿಷಗಳ ಲೆಕ್ಕದ ಅವಘಡ, ಇದು ವಾರಗಳ ಲೆಕ್ಕದ ಸವೆತ. ಆದರೆ ವಾರಗಳಿಂದ ಸೊರಗಿದ ಮಗುವಿಗೆ ಹೆರಿಗೆ ನೋವಿನ ಹೊತ್ತಿನ ಒತ್ತಡವನ್ನು ತಾಳಿಕೊಳ್ಳುವ ಶಕ್ತಿ ಕಡಿಮೆ. ಇವೆರಡಕ್ಕೂ ಇರುವ ನಂಟು ಅದು.

ಯಾವ ಕಾರಣಗಳಿಂದ ಹೀಗಾಗುತ್ತದೆ?

ಮೊದಲ ಸ್ಥಾನ ಮಾಸಿನ ಕೊರತೆಗೆ. ಗರ್ಭದ ಮೊದಲರ್ಧದಲ್ಲಿ ಗರ್ಭಕೋಶದ ಕಿರಿದಾದ ಸುರುಳಿ ಅಪಧಮನಿಗಳು ಅಗಲವಾಗಿ ಮಾರ್ಪಡಬೇಕು. ಅದು ಅರ್ಧಂಬರ್ಧವಾದರೆ ಮಾಸಿಗೆ ರಕ್ತ ಸಾಲುವುದಿಲ್ಲ. ತಾಯಿಗೆ ಬಿ.ಪಿ. ಏರುವ ಪ್ರೀಎಕ್ಲಾಂಪ್ಸಿಯಾದ ಹಿಂದೆಯೂ ಬಹಳ ಸಲ ಇದೇ ಕಾರಣವಿರುತ್ತದೆ.

ಧೂಮಪಾನ ಇನ್ನೊಂದು ದೊಡ್ಡ ಕಾರಣ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಮ್ಲಜನಕದ ಜಾಗವನ್ನೇ ಕಬಳಿಸುತ್ತದೆ. ಪಕ್ಕದಲ್ಲಿ ಕುಳಿತು ಸೇದುವವರ ಹೊಗೆಯೂ ಈ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಮನೆಯ ಗಂಡಸರಿಗೆ ಒತ್ತಿ ಹೇಳಬೇಕಾಗಿದೆ. ತಾಯಿಯ ತೀವ್ರ ರಕ್ತಹೀನತೆ, ಹೃದಯ ಅಥವಾ ಶ್ವಾಸಕೋಶದ ಗಂಭೀರ ಕಾಯಿಲೆ, ಎತ್ತರದ ಪ್ರದೇಶದ ವಾಸ ಕೂಡ ಕಾರಣಗಳೇ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಲ್ಲಿ ಸಂಗತಿ ತುಸು ಬೇರೆ: ಅಲ್ಲಿ ಆಮ್ಲಜನಕದ ಪೂರೈಕೆಗಿಂತ ಮಗುವಿನ ಬೇಡಿಕೆಯೇ ಏರಿಬಿಡುತ್ತದೆ.

ಕೊರತೆಯಾದ ಕೂಡಲೇ ಹೃದಯ ಏನು ಮಾಡುತ್ತದೆ?

ನಾವು ಊಹಿಸುವುದಕ್ಕೆ ತದ್ವಿರುದ್ಧವಾದದ್ದನ್ನು. ದೊಡ್ಡವರಿಗೆ ಆಮ್ಲಜನಕ ಕಡಿಮೆಯಾದರೆ ಎದೆಬಡಿತ ಏರುತ್ತದೆ. ಭ್ರೂಣದಲ್ಲಿ ಅದು ಮೊದಲು ಇಳಿಯುತ್ತದೆ. ಕತ್ತಿನ ಅಪಧಮನಿಯಲ್ಲಿರುವ ಸಂವೇದಕಗಳು ಕೊರತೆಯನ್ನು ಪತ್ತೆಹಚ್ಚುತ್ತವೆ, ನರಗಳ ಮೂಲಕ ಹೃದಯಕ್ಕೆ ‘ನಿಧಾನ’ ಎಂಬ ಆದೇಶ ಹೋಗುತ್ತದೆ. ಬಡಿತ ತಗ್ಗಿದರೆ ಹೃದಯಕ್ಕೇ ಬೇಕಾಗುವ ಆಮ್ಲಜನಕವೂ ತಗ್ಗುತ್ತದೆ. ಜೊತೆಜೊತೆಗೇ ಕೈಕಾಲು, ಕರುಳು, ಮೂತ್ರಪಿಂಡಗಳ ರಕ್ತನಾಳಗಳು ಬಿಗಿಯುತ್ತವೆ. ಉಳಿತಾಯವಾದ ರಕ್ತ ಮಿದುಳಿಗೆ, ಹೃದಯದ ಸ್ನಾಯುವಿಗೆ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೆ ತಿರುಗುತ್ತದೆ.

ಕೆಲವು ನಿಮಿಷಗಳ ಕೊರತೆಗೆ ಇದಕ್ಕಿಂತ ಚೆನ್ನಾದ ಉಪಾಯವಿಲ್ಲ. ತಾತ್ಕಾಲಿಕ ಉಪಾಯವೊಂದು ವಾರಗಟ್ಟಲೆ ಹಾಗೆಯೇ ಮುಂದುವರಿದಾಗ ತೊಡಕು ಶುರುವಾಗುತ್ತದೆ.

ವಾರಗಟ್ಟಲೆ ಹೀಗೇ ನಡೆದರೆ ಹೃದಯದಲ್ಲಿ ಆಗುವ ಬದಲಾವಣೆಗಳೇನು?

ಹೊರೆಯಿಂದ ಆರಂಭಿಸೋಣ. ಭ್ರೂಣದ ಹೃದಯದಲ್ಲಿ ಹೆಚ್ಚು ದುಡಿಯುವುದು ಬಲ ಹೃತ್ಕುಕ್ಷಿ, ಅಂದರೆ ರಕ್ತವನ್ನು ಹೊರದೂಡುವ ಬಲಗಡೆಯ ಕೆಳಕೋಣೆ. ಅದು ಹೊರದೂಡುವ ರಕ್ತದ ಬಹುಪಾಲು ಶ್ವಾಸಕೋಶಕ್ಕೆ ಹೋಗದೆ, ಡಕ್ಟಸ್ ಆರ್ಟೀರಿಯೋಸಸ್ ಎಂಬ ಅಡ್ಡನಾಳದ ಮೂಲಕ ಮಹಾಪಧಮನಿಯ ಕೆಳಭಾಗಕ್ಕೂ ಅಲ್ಲಿಂದ ಮಾಸಿಗೂ ಸಾಗುತ್ತದೆ. ಆರೋಗ್ಯವಂತ ಮಾಸಿನಲ್ಲಿ ಈ ಹರಿವಿಗೆ ತಡೆಯೇ ಇಲ್ಲವೆನ್ನಬಹುದು. ಕೆಟ್ಟ ಮಾಸಿನಲ್ಲಿ ತಡೆ ಏರುತ್ತದೆ, ಕೆಳದೇಹದ ರಕ್ತನಾಳಗಳೂ ಬಿಗಿದಿರುತ್ತವೆ. ಅರ್ಧ ಕಟ್ಟಿಕೊಂಡ ಪೈಪಿಗೆ ನೀರೆತ್ತುವ ಪಂಪಿನಂತೆ ಬಲ ಹೃತ್ಕುಕ್ಷಿ ಪ್ರತಿ ಬಡಿತದಲ್ಲೂ ಹೆಚ್ಚು ಒತ್ತಡದ ವಿರುದ್ಧ ದುಡಿಯಬೇಕಾಗುತ್ತದೆ. ಮಿದುಳಿನ ರಕ್ತನಾಳಗಳು ಹಿಗ್ಗಿರುವುದರಿಂದ ಎಡ ಹೃತ್ಕುಕ್ಷಿಗೆ ತುಸು ನಿರಾಳ.

ರಕ್ತವೂ ಮಂದವಾಗುತ್ತದೆ. ಕೊರತೆಯನ್ನು ತುಂಬಿಕೊಳ್ಳಲು ಎರಿತ್ರೋಪೊಯೆಟಿನ್ ಹಾರ್ಮೋನು ಏರಿ, ಕೆಂಪು ರಕ್ತಕಣಗಳು ಹೆಚ್ಚುತ್ತವೆ. ಆಮ್ಲಜನಕ ಹೊರುವ ಶಕ್ತಿ ಹೆಚ್ಚಿದ್ದು ಲಾಭ, ಗಟ್ಟಿಯಾದ ರಕ್ತವನ್ನು ತಳ್ಳುವ ಶ್ರಮ ನಷ್ಟ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಂಭೀರವಾದ ಬದಲಾವಣೆ ಜೀವಕೋಶಗಳ ಎಣಿಕೆಯಲ್ಲಿ ಆಗುವಂಥದ್ದು. ಹೃದಯದ ಸ್ನಾಯುಕೋಶಗಳು ಮುಖ್ಯವಾಗಿ ಹುಟ್ಟುವ ಮೊದಲೇ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಹುಟ್ಟಿದ ನಂತರ ಆ ವಿಭಜನೆ ಬಹುಮಟ್ಟಿಗೆ ನಿಂತು, ಇರುವ ಕೋಶಗಳೇ ದೊಡ್ಡದಾಗುತ್ತ ಹೋಗುತ್ತವೆ. ಜೀವನಪೂರ್ತಿ ಬೇಕಾದ ಬಂಡವಾಳ ಆ ಕೆಲವು ತಿಂಗಳಲ್ಲೇ ಕೂಡಬೇಕು. ಮಾಸಿನ ಕೊರತೆಯುಂಟುಮಾಡಿ ನಡೆಸಿದ ಕುರಿಮರಿಗಳ ಅಧ್ಯಯನಗಳಲ್ಲಿ ಹೃದಯದ ಸ್ನಾಯುಕೋಶಗಳು ಎಣಿಕೆಯಲ್ಲಿ ಕಡಿಮೆಯಾಗಿದ್ದವು. ಗರ್ಭಿಣಿ ಇಲಿಗಳನ್ನು ಕಡಿಮೆ ಆಮ್ಲಜನಕದಲ್ಲಿಟ್ಟಾಗ ಮರಿಗಳ ಹೃದಯದಲ್ಲಿ ಕೋಶಗಳು ಸಾಯುವ ಪ್ರಮಾಣ ಹೆಚ್ಚಿತು, ಉಳಿದ ಕೋಶಗಳು ಉಬ್ಬಿದವು. ಆ ಮರಿಗಳು ಬೆಳೆದ ಮೇಲೆ ಅವುಗಳ ಹೃದಯಕ್ಕೆ ರಕ್ತ ನಿಲ್ಲಿಸಿ ಮತ್ತೆ ಹರಿಸಿದಾಗ ಹೆಚ್ಚು ಹಾನಿಯಾಯಿತು. ಹೃದಯವನ್ನು ಅಂಥ ಹಾನಿಯಿಂದ ಕಾಪಾಡುವ ಪಿಕೆಸಿ-ಎಪ್ಸಿಲಾನ್ ಎಂಬ ಪ್ರೋಟೀನಿನ ಜೀನ್ ಮೇಲೆ ರಾಸಾಯನಿಕ ಗುರುತು ಬಿದ್ದು, ಅದು ಮಂಕಾಗಿಬಿಟ್ಟಿತ್ತು.

ಗರ್ಭದಲ್ಲಿ ಬೆಳವಣಿಗೆ ಕುಂಠಿತವಾದ ಶಿಶುಗಳ ಹೃದಯದ ಆಕಾರವೇ ಬದಲಾಗುವುದುಂಟು. ಸ್ಕ್ಯಾನಿನಲ್ಲಿ ನಾಲ್ಕೂ ಕೋಣೆಗಳು ಒಟ್ಟಿಗೆ ಕಾಣುವ ನೋಟದಲ್ಲಿ ಸಾಮಾನ್ಯ ಹೃದಯದ ಹೃತ್ಕುಕ್ಷಿಗಳು ತುದಿಯತ್ತ ಚೂಪಾಗಿ ಉದ್ದಕ್ಕೆ ಇರುತ್ತವೆ. ಇಲ್ಲಿ ಅವು ಗಿಡ್ಡವಾಗಿ, ದುಂಡಗಾಗಿರುತ್ತವೆ. ದುಂಡಗಾದ ಕೋಣೆಯ ಗೋಡೆಯ ಮೇಲೆ ಬೀಳುವ ಎಳೆತ ಹಂಚಿಹೋಗುವುದರಿಂದ ಸದ್ಯಕ್ಕೆ ಹೃದಯಕ್ಕೆ ಅನುಕೂಲವೇ. ಆದರೆ ಒಂದು ಬಡಿತಕ್ಕೆ ಹೊರಹೋಗುವ ರಕ್ತ ಕಡಿಮೆಯಾಗುತ್ತದೆ, ಸಂಕುಚಿಸಿದ ಸ್ನಾಯು ಮತ್ತೆ ಸಡಿಲಗೊಳ್ಳುವುದೂ ನಿಧಾನವಾಗುತ್ತದೆ. ಮಹಾಪಧಮನಿಯ ಗೋಡೆಯೂ ದಪ್ಪವಾಗಿ ಬಿಗಿಯುತ್ತದೆ.

ಇಷ್ಟರ ನಡುವೆ ಹೃದಯಕ್ಕೊಂದು ಆಸರೆಯಿದೆ. ಭ್ರೂಣದ ಹೃದಯ ಮುಖ್ಯವಾಗಿ ಉರಿಸುವ ಇಂಧನ ಗ್ಲೂಕೋಸ್ ಮತ್ತು ಲ್ಯಾಕ್ಟೇಟ್. ಕೊಬ್ಬಿನ ಕಡೆಗೆ ಅದು ಹೊರಳುವುದು ಹುಟ್ಟಿದ ಮೇಲೆ. ಸ್ನಾಯುವಿನೊಳಗೆ ಗ್ಲೈಕೋಜನ್ (ಕೂಡಿಟ್ಟ ಗ್ಲೂಕೋಸ್) ದಾಸ್ತಾನೂ ಧಾರಾಳವಾಗಿರುತ್ತದೆ. ವಯಸ್ಕರ ಹೃದಯ ತಾಳಲಾರದ ಕೊರತೆಯನ್ನು ಈ ಪುಟ್ಟ ಹೃದಯ ತಾಳುವುದರ ಹಿಂದೆ ಈ ದಾಸ್ತಾನಿದೆ. ಅದೂ ಬರಿದಾಗುತ್ತ ಬಂದಾಗ ಸ್ಥಿತಿ ನಿಜಕ್ಕೂ ಕೈಮೀರುತ್ತದೆ.

ಇದರಿಂದ ಹೃದಯದಲ್ಲಿ ರಂಧ್ರವಾಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಹೃದಯದ ಕೋಣೆಗಳು, ಗೋಡೆಗಳು, ಕವಾಟಗಳು ಮೊದಲ ಎರಡು ತಿಂಗಳಲ್ಲೇ ರೂಪುಗೊಂಡಿರುತ್ತವೆ. ಮಾಸಿನ ಕೊರತೆ ಕಾಡುವುದು ಅದಾದ ಎಷ್ಟೋ ವಾರಗಳ ಮೇಲೆ. ಆ ಆರಂಭದ ದಿನಗಳಲ್ಲೇ ತೀವ್ರ ಕೊರತೆಯಾದರೆ ರಚನೆಯ ದೋಷ ಬರಬಹುದೆಂದು ಇಲಿಗಳ ಅಧ್ಯಯನಗಳು ತೋರಿಸಿವೆ. ಎತ್ತರದ ಊರುಗಳಲ್ಲಿ ಹುಟ್ಟಿದ ಮಕ್ಕಳಲ್ಲಿ, ಜನನದ ನಂತರ ಮುಚ್ಚಿಕೊಳ್ಳಬೇಕಾದ ಡಕ್ಟಸ್ ಆರ್ಟೀರಿಯೋಸಸ್ ತೆರೆದೇ ಉಳಿಯುವುದು ಹೆಚ್ಚು. ಆ ನಾಳ ಮುಚ್ಚಲು ಏರಿದ ಆಮ್ಲಜನಕವೇ ಸೂಚನೆಯಾದ್ದರಿಂದ ಇದು ಸಹಜವೂ ಹೌದು.

ಕೆಡುಕಿಗೆ ಕಾರಣ ಆಮ್ಲಜನಕವೇ ಎಂದು ಹೇಗೆ ಗೊತ್ತು? ಪೋಷಣೆಯ ಕೊರತೆಯೂ ಇರಬಹುದಲ್ಲ?

ಬಹಳ ಒಳ್ಳೆಯ ಪ್ರಶ್ನೆ. ಮಾಸು ಕೆಟ್ಟರೆ ಆಮ್ಲಜನಕವೂ ಆಹಾರವೂ ಒಟ್ಟಿಗೆ ಕಡಿಮೆಯಾಗುತ್ತವೆ. ಎರಡನ್ನೂ ಬೇರ್ಪಡಿಸಲು ವಿಜ್ಞಾನಿಗಳು ಕೋಳಿಮೊಟ್ಟೆಯ ಮೊರೆಹೋದರು. ಮೊಟ್ಟೆಯಲ್ಲಿ ಮಾಸಿಲ್ಲ, ತಾಯಿಯ ಹಸಿವು, ಒತ್ತಡಗಳ ಪ್ರಭಾವವಿಲ್ಲ. ಮರಿಗೆ ಬೇಕಾದ ಬುತ್ತಿಯೆಲ್ಲ ಚಿಪ್ಪಿನೊಳಗೇ ಇದೆ, ಹೊರಗಿನಿಂದ ಬರಬೇಕಾದದ್ದು ಗಾಳಿಯೊಂದೇ. ಕೇಂಬ್ರಿಡ್ಜಿನ ಡೀನೋ ಜುಸ್ಸಾನಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಗ್ಗು ಪ್ರದೇಶದ ಮೊಟ್ಟೆಗಳನ್ನು ಬೊಲಿವಿಯಾದ ಲಾ ಪಾಜ್‌ನಲ್ಲಿ, ಸುಮಾರು 3,600 ಮೀಟರ್ ಎತ್ತರದಲ್ಲಿ, ಕಾವಿಗಿಟ್ಟರು. ಮರಿಗಳು ಸಣಕಲಾದವು. ಅದೇ ಎತ್ತರದಲ್ಲಿ ಹೆಚ್ಚುವರಿ ಆಮ್ಲಜನಕ ಕೊಟ್ಟಾಗ ಬೆಳವಣಿಗೆ ಸರಿಹೋಯಿತು. ಬುತ್ತಿ ಅಷ್ಟೇ ಇತ್ತು, ಬದಲಾಗಿದ್ದು ಆಮ್ಲಜನಕ ಮಾತ್ರ. ಪ್ರಯೋಗಾಲಯದಲ್ಲಿ ಕಡಿಮೆ ಆಮ್ಲಜನಕದಲ್ಲಿ ಬೆಳೆಸಿದ ಮರಿಗಳಲ್ಲೂ ಹೃತ್ಕುಕ್ಷಿ ಹಿಗ್ಗಿದ್ದು, ಹೃದಯದ ಕಾರ್ಯ ಕುಂದಿದ್ದು ಕಂಡುಬಂದಿದೆ.

ನನ್ನ ಬೆರಳಿಗೆ ಹಾಕಿದ ಆಕ್ಸಿಮೀಟರ್ 98 ತೋರಿಸುತ್ತಿದೆ. ಮಗುವಿಗೂ ಸಾಕಷ್ಟು ಸಿಗುತ್ತಿದೆ ಎಂದರ್ಥವೇ?

ಇಲ್ಲ. ಅದು ನಿಮ್ಮ ರಕ್ತದ ಅಳತೆ. ಮಾಸಿನ ಆಚೆ ಏನಾಗುತ್ತಿದೆ ಎಂಬುದನ್ನು ಅದು ಹೇಳಲಾರದು.

ಹಾಗಾದರೆ ವೈದ್ಯರಿಗೆ ಹೇಗೆ ಗೊತ್ತಾಗುತ್ತದೆ?

ಮಗುವಿನ ರಕ್ತದ ಆಮ್ಲಜನಕವನ್ನು ನೇರವಾಗಿ ಅಳೆಯಲು ಹೊಕ್ಕುಳಬಳ್ಳಿಗೇ ಸೂಜಿ ಚುಚ್ಚಬೇಕು. ಈ ಕಾರಣಕ್ಕಾಗಿ ಹಾಗೆ ಯಾರೂ ಸಾಮಾನ್ಯವಾಗಿ ಮಾಡುವುದಿಲ್ಲ. ಬೆಳವಣಿಗೆಯ ಸ್ಕ್ಯಾನ್, ಡಾಪ್ಲರ್ (ರಕ್ತನಾಳಗಳಲ್ಲಿ ರಕ್ತ ಹರಿಯುವ ಬಗೆಯನ್ನು ತೋರಿಸುವ ಸ್ಕ್ಯಾನ್) ಮತ್ತು ಎದೆಬಡಿತದ ದಾಖಲೆ, ಇವುಗಳಿಂದ ಊಹಿಸುತ್ತಾರೆ.

ಡಾಪ್ಲರ್ ಪರದೆಯನ್ನು ಒಮ್ಮೆ ಗಮನವಿಟ್ಟು ನೋಡಿ. ಹೊಕ್ಕುಳಬಳ್ಳಿಯ ಅಪಧಮನಿಯ ಚಿತ್ರ ಸಾಲು ಸಾಲು ಗುಡ್ಡಗಳಂತೆ ಮೂಡುತ್ತದೆ. ಹೃದಯ ಹಿಂಡಿದಾಗ ಏರು, ಸಡಿಲಗೊಂಡಾಗ ಇಳಿತ. ಆರೋಗ್ಯವಂತ ಮಾಸಿನಲ್ಲಿ ಇಳಿತದ ಕೊನೆಯಲ್ಲೂ ಗೆರೆ ತಳದಿಂದ ಮೇಲೆಯೇ ಇರುತ್ತದೆ. ಎರಡು ಬಡಿತಗಳ ನಡುವೆಯೂ ರಕ್ತ ಮಾಸಿನತ್ತ ಹರಿಯುತ್ತಿದೆ ಎಂದು ಅದರ ಅರ್ಥ. ತಡೆ ಹೆಚ್ಚಿದಂತೆ ಆ ಕಣಿವೆ ತಗ್ಗುತ್ತ ತಳವನ್ನು ಮುಟ್ಟುತ್ತದೆ. ಆಗ ಆ ಗಳಿಗೆಯಲ್ಲಿ ಹರಿವೇ ಇಲ್ಲ. ಇನ್ನೂ ಕೆಟ್ಟರೆ ಗೆರೆ ತಳದ ಕೆಳಗೆ ಇಳಿಯುತ್ತದೆ, ರಕ್ತ ಹಿಂದಕ್ಕೆ ಬರುತ್ತಿರುತ್ತದೆ. ಇದೇ ಹೊತ್ತಿಗೆ ಮಿದುಳಿನ ಅಪಧಮನಿಯ ಚಿತ್ರದಲ್ಲಿ ಕಣಿವೆ ತುಂಬಿಕೊಂಡಿದ್ದರೆ, ಮಗು ತನ್ನ ಮಿದುಳನ್ನು ಕಾಪಾಡಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಕೇಳಲು ಹಿತವಾದ ಸುದ್ದಿಯಂತಿದ್ದರೂ ಅದು ಎಚ್ಚರಿಕೆಯೇ.

ಹೃದಯವೇ ಸೋಲುತ್ತಿದೆಯೇ ಎಂಬುದಕ್ಕೆ ಡಕ್ಟಸ್ ವೀನೋಸಸ್ ಎಂಬ ಪುಟ್ಟ ಅಭಿಧಮನಿಯನ್ನು ನೋಡುತ್ತಾರೆ. ಹೃತ್ಕರ್ಣ (ಹೃದಯದ ಮೇಲಿನ ಕೋಣೆ) ಸಂಕುಚಿಸುವ ಕ್ಷಣದಲ್ಲಿ ಅಲ್ಲಿ ರಕ್ತ ನಿಂತರೆ ಅಥವಾ ಹಿಂದಕ್ಕೆ ಸರಿದರೆ ಹೃದಯದೊಳಗಿನ ಒತ್ತಡ ವಿಪರೀತ ಏರಿದೆ ಎಂದು ಲೆಕ್ಕ. ತಡವಾಗಿ ಬರುವ, ಕಡೆಗಣಿಸುವಂತಿಲ್ಲದ ಲಕ್ಷಣ ಇದು.

ಮನೆಯಲ್ಲಿ ನಾನು ಗಮನಿಸಬೇಕಾದದ್ದು ಏನಾದರೂ ಇದೆಯೇ?

ಮಗುವಿನ ಚಲನೆ. ಕೊರತೆಯಲ್ಲಿರುವ ಮಗು ಶಕ್ತಿ ಉಳಿಸಲು ಒದೆಯುವುದನ್ನು, ಹೊರಳುವುದನ್ನು ಕಡಿಮೆ ಮಾಡುತ್ತದೆ. ದಿನವೂ ಇರುವ ಚಲನೆ ಕುಗ್ಗಿದೆ ಅನ್ನಿಸಿದರೆ ನಾಳೆ ನೋಡೋಣ ಎನ್ನದೆ ಅಂದೇ ಆಸ್ಪತ್ರೆಗೆ ಹೋಗಿ. ‘ತಿಂಗಳು ತುಂಬಿದ ಮೇಲೆ ಜಾಗ ಸಾಲದೆ ಮಗು ಸುಮ್ಮನಾಗುತ್ತದೆ’ ಎಂಬ ಮಾತನ್ನು ಯಾರೇ ಹೇಳಿದರೂ ನಂಬಬೇಡಿ. ಮನೆಯಲ್ಲೇ ಎದೆಬಡಿತ ಕೇಳುವ ಯಂತ್ರಗಳನ್ನು ಕೊಂಡು ಸಮಾಧಾನ ಪಡುವುದೂ ಅಪಾಯ: ಬಡಿತ ಕೇಳಿಸಿತೆಂಬ ಮಾತ್ರಕ್ಕೆ ಮಗು ಚೆನ್ನಾಗಿದೆ ಎಂದಲ್ಲ.

ತಾಯಿಗೆ ಆಮ್ಲಜನಕ ಕೊಟ್ಟರೆ ಅಥವಾ ಔಷಧಿ, ವಿಟಮಿನ್ ಕೊಟ್ಟರೆ ಸರಿಹೋಗುವುದಿಲ್ಲವೇ?

ತಾಯಿಯ ರಕ್ತದಲ್ಲಿ ಆಮ್ಲಜನಕ ಆಗಲೇ ಸಾಕಷ್ಟಿದ್ದು ಮಾಸು ಕೆಟ್ಟಿದ್ದರೆ, ವಾರಗಟ್ಟಲೆ ಮುಖವಾಡ ಹಾಕಿ ಆಮ್ಲಜನಕ ಕೊಡುವುದರಿಂದ ಮಗುವಿಗೆ ಪ್ರಯೋಜನವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ತಾಯಿಗೇ ರಕ್ತಹೀನತೆಯೋ ಶ್ವಾಸಕೋಶದ ಕಾಯಿಲೆಯೋ ಇದ್ದರೆ ಅದಕ್ಕೆ ಚಿಕಿತ್ಸೆ ಕೊಡಲೇಬೇಕು, ಆ ಮಾತು ಬೇರೆ.

ವಿಟಮಿನ್ನುಗಳ ಬಗ್ಗೆ ಹುಷಾರಾಗಿರಬೇಕು. ಕೊರತೆಯಲ್ಲಿ ಬೆಳೆದ ಹೃದಯಕ್ಕೆ ಆಗುವ ಹಾನಿಯಲ್ಲಿ ಆಕ್ಸಿಡೇಟಿವ್ ಒತ್ತಡದ, ಅಂದರೆ ಆಮ್ಲಜನಕದಿಂದ ಹುಟ್ಟುವ ಉಗ್ರ ಕಣಗಳು ಜೀವಕೋಶಗಳನ್ನು ಕೆಡಿಸುವುದರ, ಪಾಲು ದೊಡ್ಡದು. ಪ್ರಾಣಿಗಳಲ್ಲಿ ವಿಟಮಿನ್ ಸಿ, ಮೆಲಟೋನಿನ್, ಮೈಟೊಕ್ಯೂ ಮುಂತಾದ, ಈ ಒತ್ತಡವನ್ನು ತಡೆಯುವ ವಸ್ತುಗಳು ಈ ಹಾನಿಯನ್ನು ತಗ್ಗಿಸಿವೆ. ಅದನ್ನು ಓದಿ ಅಂಗಡಿಯಿಂದ ಗುಳಿಗೆ ತಂದು ನುಂಗುವವರಿದ್ದಾರೆ. ಪ್ರೀಎಕ್ಲಾಂಪ್ಸಿಯಾದ ಅಪಾಯವಿದ್ದ ಗರ್ಭಿಣಿಯರಿಗೆ ವಿಟಮಿನ್ ಸಿ ಮತ್ತು ಇ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟ, 2006ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ ಕಾಯಿಲೆ ತಪ್ಪಲಿಲ್ಲ. ಬದಲಿಗೆ ಕಡಿಮೆ ತೂಕದ ಮಕ್ಕಳ ಜನನ ಹೆಚ್ಚಿತು. ರಕ್ತನಾಳ ಹಿಗ್ಗಿಸುವ ಸಿಲ್ಡೆನಾಫಿಲ್ ಮೇಲೂ ಬಹಳ ಆಸೆಯಿತ್ತು. ನೆದರ್ಲೆಂಡ್ಸ್‌ನಲ್ಲಿ ನಡೆಯುತ್ತಿದ್ದ ಅದರ ಪರೀಕ್ಷೆಯನ್ನು, ನವಜಾತ ಶಿಶುಗಳಲ್ಲಿ ಶ್ವಾಸಕೋಶದ ರಕ್ತದೊತ್ತಡ ಏರಿ ಸಾವುಗಳೂ ಕಂಡುಬಂದದ್ದರಿಂದ, 2018ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇಲಿಯಲ್ಲಿ ಫಲಿಸಿದ್ದು ಮನುಷ್ಯರಲ್ಲಿ ಫಲಿಸಲೇಬೇಕೆಂದಿಲ್ಲ, ಕೆಲವೊಮ್ಮೆ ತಿರುಗುಬಾಣವಾಗುತ್ತದೆ.

ಹಾಗಾದರೆ ಚಿಕಿತ್ಸೆ ಎಂದರೇನು?

ಹೆರಿಗೆಯನ್ನು ಸರಿಯಾದ ಹೊತ್ತಿಗೆ ಮಾಡಿಸುವುದು. ಸದ್ಯಕ್ಕೆ ಇರುವ ದಾರಿ ಅದೇ. ಬೇಗ ಹೊರತೆಗೆದರೆ ಬಲಿಯದ ಶ್ವಾಸಕೋಶದ ಸಮಸ್ಯೆ, ತಡಮಾಡಿದರೆ ಹೃದಯಕ್ಕೂ ಮಿದುಳಿಗೂ ಪೆಟ್ಟು. ಹೊಕ್ಕುಳಬಳ್ಳಿಯಲ್ಲಿ ಬಡಿತಗಳ ನಡುವಿನ ಹರಿವು ನಿಂತಿದ್ದರೆ ಸಾಮಾನ್ಯವಾಗಿ 33–34 ವಾರಗಳಲ್ಲಿ, ಹಿಂದಕ್ಕೆ ಹರಿಯುತ್ತಿದ್ದರೆ 30–32 ವಾರಗಳಲ್ಲಿ ಹೆರಿಗೆ ಮಾಡಿಸುವುದು ರೂಢಿ. ಎದೆಬಡಿತದ ದಾಖಲೆ ಕೆಟ್ಟರೆ ಅದಕ್ಕೂ ಮೊದಲೇ. ಸಮಯವಿದ್ದರೆ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟು ಮಗುವಿನ ಶ್ವಾಸಕೋಶವನ್ನು ಬಲಪಡಿಸುತ್ತಾರೆ. ‘ಇನ್ನೊಂದು ವಾರ ಕಾಯಬಹುದಿತ್ತಲ್ಲ’ ಎಂದು ವೈದ್ಯರ ಮೇಲೆ ಮುನಿಸಿಕೊಳ್ಳುವ ಮುನ್ನ ಈ ತಕ್ಕಡಿಯ ಎರಡೂ ತಟ್ಟೆಗಳನ್ನು ನೋಡಿ.

ವಿಮಾನ ಪ್ರಯಾಣದಿಂದ ಅಪಾಯವಿದೆಯೇ?

ತೊಡಕಿಲ್ಲದ ಬಸಿರಿನಲ್ಲಿ ಕೆಲವು ಗಂಟೆಗಳ ಪ್ರಯಾಣದಿಂದ ಇಂಥ ಹಾನಿಯಾಗುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಹೆಚ್ಚೆಂದರೆ ಸುಮಾರು 2,400 ಮೀಟರ್ ಎತ್ತರಕ್ಕೆ ಸಮ, ಭ್ರೂಣ ಹಿಮೋಗ್ಲೋಬಿನ್ ಅದನ್ನು ನಿಭಾಯಿಸುತ್ತದೆ. ಮಾಸಿನ ಕೊರತೆ ಆಗಲೇ ಗೊತ್ತಾಗಿದ್ದರೆ ಮೊದಲು ವೈದ್ಯರನ್ನು ಕೇಳಿ. ಎತ್ತರದಲ್ಲೇ ವಾಸಿಸುವುದು ಬೇರೆ ಮಾತು. ಪ್ರತಿ 1,000 ಮೀಟರ್ ಏರಿಕೆಗೆ ಜನನ ತೂಕ ಸರಾಸರಿ 100 ಗ್ರಾಂನಷ್ಟು ಇಳಿಯುತ್ತದೆ. ಸಾವಿರಾರು ವರ್ಷಗಳಿಂದ ಅಲ್ಲೇ ನೆಲೆಸಿದ ಟಿಬೆಟ್ ಮತ್ತು ಆಂಡಿಸ್‌ನ ಜನರಲ್ಲಿ, ಹೊಸದಾಗಿ ಹೋಗಿ ನೆಲೆಸಿದವರಿಗಿಂತ ಈ ಇಳಿಕೆ ಕಡಿಮೆ.

ಹುಟ್ಟಿದ ಮೇಲೆ ಮಗು ಹೃದ್ರೋಗಿಯಾಗುತ್ತದೆಯೇ?

ಆಗಲೇಬೇಕೆಂದೇನೂ ಇಲ್ಲ. ಬಹಳಷ್ಟು ಮಕ್ಕಳು ಯಾವ ತೊಂದರೆಯೂ ಕಾಣದೆ ಬೆಳೆಯುತ್ತಾರೆ. ಆದರೆ ಸಾಧ್ಯತೆ ಉಳಿದವರಿಗಿಂತ ಹೆಚ್ಚಿರುತ್ತದೆ. ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಮತ್ತು ಸಹೋದ್ಯೋಗಿಗಳು 1989ರಲ್ಲಿ ಹರ್ಟ್‌ಫರ್ಡ್‌ಶೈರ್‌ನ ಹಳೆಯ ಜನನ ದಾಖಲೆಗಳನ್ನು ಸಾವಿನ ಕಾರಣಗಳೊಂದಿಗೆ ತಾಳೆ ನೋಡಿದಾಗ, ಹುಟ್ಟಿದಾಗ ಮತ್ತು ಒಂದು ವರ್ಷದಲ್ಲಿ ಕಡಿಮೆ ತೂಕವಿದ್ದ ಗಂಡಸರಲ್ಲಿ ಹೃದಯದ ರಕ್ತನಾಳದ ಕಾಯಿಲೆಯಿಂದ ಸತ್ತವರು ಹೆಚ್ಚಿದ್ದರು. 2010ರಲ್ಲಿ ಬಾರ್ಸಿಲೋನಾದ ಫಾತಿಮಾ ಕ್ರಿಸ್ಪಿ ಅವರ ತಂಡ, ಗರ್ಭದಲ್ಲಿ ಬೆಳವಣಿಗೆ ಕುಂಠಿತವಾಗಿದ್ದ ಸುಮಾರು ಐದು ವರ್ಷದ ಮಕ್ಕಳನ್ನು ಪರೀಕ್ಷಿಸಿತು. ಅವರ ಹೃದಯ ಆಗಲೂ ದುಂಡಗಿತ್ತು, ಒಂದು ಬಡಿತಕ್ಕೆ ಹೊರಹೋಗುವ ರಕ್ತ ಕಡಿಮೆಯಿತ್ತು, ಅದನ್ನು ಸರಿದೂಗಿಸಲು ಬಡಿತ ವೇಗವಾಗಿತ್ತು. ರಕ್ತದೊತ್ತಡವೂ ತುಸು ಹೆಚ್ಚಿತ್ತು. ಆ ಮಕ್ಕಳು ರೋಗಿಗಳಲ್ಲ, ಹೊರನೋಟಕ್ಕೆ ಎಲ್ಲರಂತೆಯೇ ಇದ್ದವರು ಎಂಬುದನ್ನೂ ಜೊತೆಗೇ ಹೇಳಬೇಕು.

ಗಂಡು, ಹೆಣ್ಣು ಮಕ್ಕಳಲ್ಲಿ ವ್ಯತ್ಯಾಸವಿದೆಯೇ?

ಇಲಿಗಳಲ್ಲಿ ಗಂಡು ಮರಿಗಳ ಹೃದಯ ಹೆಚ್ಚು ಸುಲಭವಾಗಿ ಹಾನಿಗೊಳಗಾಗಿದೆ. ಅಷ್ಟರಿಂದ ಮನೆಯ ಮಗುವಿನ ಭವಿಷ್ಯ ನುಡಿಯಬೇಡಿ.

ಹುಟ್ಟಿದ ನಂತರ ನಾವು ಏನು ಮಾಡಬಹುದು?

ಎದೆಹಾಲು ಕೊಡಿ. ಸಣ್ಣದಾಗಿ ಹುಟ್ಟಿದೆಯೆಂದು ಮಗುವಿಗೆ ತುರುಕಿ ತುರುಕಿ ಉಣಿಸಿ ದುಂಡಗೆ ಮಾಡುವ ಹಠ ಬೇಡ. ಅತಿ ವೇಗವಾಗಿ ತೂಕ ಏರಿದ ಮಕ್ಕಳಲ್ಲಿ ಮುಂದೆ ಬೊಜ್ಜು, ರಕ್ತದೊತ್ತಡದ ಸಾಧ್ಯತೆ ಹೆಚ್ಚು. ಮಕ್ಕಳ ವೈದ್ಯರ ಬಳಿ ಹೋದಾಗ ಆಗಾಗ ರಕ್ತದೊತ್ತಡವನ್ನೂ ಅಳೆಯಲು ಕೇಳಿ. ಆಟಪಾಟಕ್ಕೆ ತಡೆ ಹಾಕಬೇಡಿ, ವೈದ್ಯರು ಬೇಡವೆಂದು ಹೇಳದ ಹೊರತು ಈ ಮಕ್ಕಳು ಓಡಬೇಕು. ಬಸಿರಿನ ಕಾಲದ ಸ್ಕ್ಯಾನ್ ವರದಿಗಳನ್ನು, ಜನನ ತೂಕದ ದಾಖಲೆಯನ್ನು ಎಸೆಯದೆ ಇಡಿ. ನಲವತ್ತರ ವಯಸ್ಸಿನಲ್ಲಿ ಎದೆನೋವೆಂದು ಬಂದವರಿಗೆ ‘ಹುಟ್ಟಿದಾಗ ಎಷ್ಟು ತೂಕವಿದ್ದಿರಿ?’ ಎಂದು ಕೇಳಿದರೆ ಉತ್ತರ ಗೊತ್ತಿರುವವರು ವಿರಳ.

ಮುಂದಿನ ಬಸಿರಿನಲ್ಲೂ ಇದೇ ಆಗುತ್ತದೆಯೇ?

ಮರುಕಳಿಸುವ ಸಾಧ್ಯತೆ ಇದೆ, ಆದ್ದರಿಂದ ಮೊದಲ ಭೇಟಿಯಲ್ಲೇ ಹಿಂದಿನ ಕಥೆಯನ್ನು ಹೇಳಿ. ಪ್ರೀಎಕ್ಲಾಂಪ್ಸಿಯಾದ ಅಪಾಯ ಹೆಚ್ಚಿರುವವರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಅನ್ನು 16ನೇ ವಾರಕ್ಕೂ ಮೊದಲೇ ಆರಂಭಿಸುತ್ತಾರೆ. 2017ರಲ್ಲಿ ಪ್ರಕಟವಾದ ಆಸ್ಪ್ರೆ ಎಂಬ ದೊಡ್ಡ ಪರೀಕ್ಷೆಯಲ್ಲಿ ದಿನಕ್ಕೆ 150 ಮಿಲಿಗ್ರಾಂ ಆಸ್ಪಿರಿನ್, 37 ವಾರಕ್ಕೆ ಮೊದಲು ಹೆರಿಗೆ ಮಾಡಿಸಬೇಕಾಗಿ ಬರುವ ಪ್ರೀಎಕ್ಲಾಂಪ್ಸಿಯಾವನ್ನು ಶೇ. 62ರಷ್ಟು ತಗ್ಗಿಸಿತು. ಐದನೇ ತಿಂಗಳಲ್ಲಿ ಹೋಗಿ ಕೇಳಿದರೆ ಆ ಅವಕಾಶ ಬಹುಪಾಲು ಕೈತಪ್ಪಿರುತ್ತದೆ. ವೈದ್ಯರು ಬರೆದುಕೊಡದೆ ನೀವಾಗಿಯೇ ತೆಗೆದುಕೊಳ್ಳುವ ಗುಳಿಗೆಯೂ ಅದಲ್ಲ. ಸೇದುವ ಅಭ್ಯಾಸವಿದ್ದರೆ ಬಸಿರಿಗೆ ಮೊದಲೇ ಬಿಡಿ, ರಕ್ತಹೀನತೆಯಿದ್ದರೆ ಅದನ್ನೂ ಆಗಲೇ ಸರಿಪಡಿಸಿಕೊಳ್ಳಿ. ಆ ಬಸಿರಿನಲ್ಲಿ ಬೆಳವಣಿಗೆಯ ಸ್ಕ್ಯಾನ್‌ಗಳನ್ನು ಯಾವ ವಾರದಿಂದ, ಎಷ್ಟು ಅಂತರದಲ್ಲಿ ಮಾಡಿಸಬೇಕೆಂದು ಮೊದಲ ಭೇಟಿಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.